ಮೆಡ್‌ರೆಕ್ ಪ್ರಬಂಧ: ಒಂದು ವಿಮರ್ಶೆ

ರೋಗಿಯು ಒಂದು ಆಸ್ಪತ್ರೆಯಿಂದ ಮತ್ತೊಂದಕ್ಕೆ ಹೋದಾಗ ಅವನ ದಾಖಲೆಗಳು ಹಲವೊಮ್ಮೆ ಹಿಂದೆಯೇ ಉಳಿಯುತ್ತವೆ. ಹೊಸ ವೈದ್ಯರು ಅರ್ಧ ಅರಿವಿನಿಂದಲೇ ಚಿಕಿತ್ಸೆಗೆ ತೊಡಗಬೇಕಾಗುತ್ತದೆ. ಈ ಕೊರತೆಯ ನಿವಾರಣೆಗೆ ಬ್ಲಾಕ್‌ಚೈನ್ ತಂತ್ರವನ್ನು ಅಳವಡಿಸಿದ ಆರಂಭದ ಯತ್ನಗಳಲ್ಲಿ ಅಮೆರಿಕದ ‘ಮೆಡ್‌ರೆಕ್’ ಗಣನೀಯವಾದುದು. ಎಕ್‌ಬ್ಲಾ, ಅಜಾರಿಯಾ, ಹಲಾಮ್ಕಾ ಮತ್ತು ಲಿಪ್‌ಮನ್ ಅವರು 2016ರಲ್ಲಿ ಪ್ರಕಟಿಸಿದ ಪ್ರಬಂಧವು ಅದರ ಸ್ವರೂಪವನ್ನು ನಿರೂಪಿಸುತ್ತದೆ.

ಈ ಪ್ರಬಂಧದ ಹಿರಿಯ ಗುಣವೆಂದರೆ ಸಂಯಮ. ರೋಗಿಯ ದಾಖಲೆಗಳನ್ನೇ ಸರಪಳಿಗೆ ಏರಿಸುವ ಸಾಹಸಕ್ಕೆ ಲೇಖಕರು ಕೈಹಾಕಿಲ್ಲ. ಅವು ಆಯಾ ಆಸ್ಪತ್ರೆಯ ಗಣಕದಲ್ಲಿಯೇ ಇರುತ್ತವೆ. ‘ಎಥೀರಿಯಂ’ ಸರಪಳಿಯಲ್ಲಿ ನೆಲೆಗೊಳ್ಳುವುದು ದಾಖಲೆ ಎಲ್ಲಿದೆಯೆಂಬ ಸೂಚನೆ, ಅದನ್ನು ಯಾರು ನೋಡಬಹುದೆಂಬ ಅನುಮತಿ ಮತ್ತು ‘ಹ್ಯಾಷ್’ ಎಂಬ ಗುರುತು ಮಾತ್ರ. ದಾಖಲೆಯ ಒಂದಕ್ಷರವನ್ನು ತಿದ್ದಿದರೂ ಹ್ಯಾಷ್ ಬೇರೆಯಾಗುವುದರಿಂದ ತಿದ್ದುಪಡಿ ಮರೆಯಾಗಲಾರದು. ಆಸ್ಪತ್ರೆಯ ಗಣಕದ ರಕ್ಷಣೆಯ ಹೊಣೆ ಆ ಆಸ್ಪತ್ರೆಯದೇ ಎಂಬುದನ್ನೂ ಲೇಖಕರು ಮುಚ್ಚಿಟ್ಟಿಲ್ಲ.

ಆದರೆ ಸಾಕ್ಷ್ಯ ಬೇರೆ, ಸತ್ಯ ಬೇರೆ. ರಕ್ತದ ಗುಂಪನ್ನು ಮೊದಲೇ ತಪ್ಪಾಗಿ ಬರೆದಿದ್ದರೆ ಸರಪಳಿಯು ಆ ತಪ್ಪಿಗೇ ನಿಷ್ಠೆಯಿಂದ ಸಾಕ್ಷಿ ನುಡಿಯುತ್ತದೆ. ಒಂದೇ ಔಷಧವನ್ನು ಒಂದೆಡೆ ವ್ಯಾಪಾರದ ಹೆಸರಿನಿಂದಲೂ ಮತ್ತೊಂದೆಡೆ ಮೂಲದ ಹೆಸರಿನಿಂದಲೂ ಬರೆದಾಗ, ಆ ಎರಡೂ ಒಂದೇ ಎಂದು ತಿಳಿಸುವ ಶಕ್ತಿ ಹ್ಯಾಷಿಗಿಲ್ಲ. ಅದಕ್ಕೆ ಬೇಕಾದುದು ‘ಸ್ನೋಮೆಡ್’ನಂತಹ ಸಮಾನ ಪದಾವಳಿ. ದಾಖಲೆಯು ಸುರಕ್ಷಿತವಾಗಿ ತಲುಪಿದ ಮಾತ್ರಕ್ಕೆ ಅರ್ಥವೂ ತಲುಪಿತೆಂದು ಭಾವಿಸಲಾಗದು.

ಅನುಮತಿಯ ವಿಷಯದಲ್ಲಿ ನಮ್ಮ ಆಕ್ಷೇಪ ಇನ್ನೂ ಗುರುತರವಾದುದು. ರೋಗಿಯು ಅನುಮತಿಯನ್ನು ಹಿಂತೆಗೆದುಕೊಳ್ಳಬಹುದು. ಒಮ್ಮೆ ಪ್ರತಿಮಾಡಿಕೊಂಡವರ ಕೈಯಿಂದ ದಾಖಲೆಯನ್ನು ಹಿಂತೆಗೆದುಕೊಳ್ಳಲಾರನು. ಹೆಸರು ಮರೆಯಾಗಿದ್ದರೂ, ಒಬ್ಬನು ಕ್ಯಾನ್ಸರ್ ಆಸ್ಪತ್ರೆಯೊಡನೆ ಮತ್ತೆ ಮತ್ತೆ ವ್ಯವಹರಿಸಿದ ಗುರುತು ಸರಪಳಿಯಲ್ಲಿ ಉಳಿಯುತ್ತದೆ. ಅಳಿಸಲಾಗದಿರುವುದೇ ಅದರ ಗುಣವಷ್ಟೆ! ಸರಪಳಿಯನ್ನು ನಡೆಸಿಕೊಡುವ ಸಂಶೋಧಕರಿಗೆ ಹೆಸರಿಲ್ಲದ, ಒಟ್ಟುಗೂಡಿಸಿದ ವೈದ್ಯಕೀಯ ವಿವರಗಳನ್ನು ಪ್ರತಿಫಲವಾಗಿ ಕೊಡಬೇಕೆಂಬ ಸೂಚನೆ ಜಾಣ್ಮೆಯದು, ನಿಜ. ಆದರೆ ಅಪರೂಪದ ರೋಗವುಳ್ಳವನನ್ನು ಗುರುತಿಸಲು ಹೆಸರೇ ಬೇಕೆಂದಿಲ್ಲ. ಊರು, ವಯಸ್ಸು, ರೋಗ ಇಷ್ಟೇ ಸಾಕಾಗಬಹುದು. ಈ ಪ್ರಶ್ನೆಗೆ ಪ್ರಬಂಧದಲ್ಲಿ ತೃಪ್ತಿಕರವಾದ ಸಮಾಧಾನ ನಮಗೆ ದೊರೆಯಲಿಲ್ಲ.

ಒಟ್ಟಿನಲ್ಲಿ, ಮೆಡ್‌ರೆಕ್ ಒಬ್ಬ ಒಳ್ಳೆಯ ಸಾಕ್ಷಿಯನ್ನು ನಿರ್ಮಿಸಿದೆ. ಸಾಕ್ಷಿಯನ್ನೇ ನ್ಯಾಯಾಧೀಶನೆಂದು ಭ್ರಮಿಸುವುದು ಮುಂದಿನವರ ದೋಷವಾದೀತೇ ಹೊರತು ಈ ಲೇಖಕರದಲ್ಲ. ವಿದ್ಯಾರ್ಥಿಗಳು ಇದನ್ನು ಓದುವಾಗ ಸರಪಳಿ ಏನನ್ನು ಕಾಯುತ್ತದೆಂಬುದರೊಡನೆ, ಯಾರನ್ನು ಕಾಯದೆ ಬಿಡುತ್ತದೆಂಬುದನ್ನೂ ವಿಚಾರಿಸಬೇಕು.