ದೈವದ ನುಡಿ ಊಹೆಯೇ?

2023ರ ನವೆಂಬರಿನಲ್ಲಿ ಪಣಜಿಯ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ‘ಕಾಂತಾರ’ಕ್ಕಾಗಿ ರಿಷಬ್ ಶೆಟ್ಟಿಯವರಿಗೆ ತೀರ್ಪುಗಾರರ ವಿಶೇಷ ಪ್ರಶಸ್ತಿ ದೊರೆಯಿತು. ದೇಶವಿದೇಶಗಳ ಪ್ರೇಕ್ಷಕರು ಕೂಡುವ ಕಡೆ ಪ್ರತಿ ಚಿತ್ರಕ್ಕೂ ಒಂದು ಜಾತಿಯ ಹೆಸರು ಬೇಕಾಗುತ್ತದೆ. ದೈವ, ಆವೇಶ, ಮುಂದಿನದನ್ನು ನುಡಿಯುವ ಕೋಲ ಇವೆಲ್ಲ ಇರುವ ಚಿತ್ರವನ್ನು ‘ಸ್ಪೆಕ್ಯುಲೇಟಿವ್ ಫಿಕ್ಷನ್’ ಎಂಬ ದೊಡ್ಡ ಚೀಲಕ್ಕೆ ಹಾಕುವುದು ಸುಲಭ. ಹಾಕಬಹುದೇ ಎಂಬುದು ಪ್ರಶ್ನೆ.

ಈ ಹೆಸರನ್ನು ಬಳಕೆಗೆ ತಂದವರಲ್ಲಿ ಮುಖ್ಯನಾದ ಅಮೆರಿಕದ ರಾಬರ್ಟ್ ಹೈನ್‌ಲೈನ್ 1947ರ ಲೇಖನದಲ್ಲಿ ಕೊಟ್ಟ ಅರ್ಥ ಕಿರಿದು: ತಿಳಿದ ವಿಜ್ಞಾನಕ್ಕೆ ವಿರೋಧ ಬಾರದಂತೆ, ಹೀಗಾದರೆ ಮನುಷ್ಯ ಏನು ಮಾಡಿಯಾನು ಎಂದು ಊಹಿಸುವುದು. ಮುಂದೆ ಚೀಲ ಹಿಗ್ಗಿತು. ಮಂತ್ರವಾದಿಯ ಕಥೆ, ದೆವ್ವದ ಕಥೆ ಎಲ್ಲವೂ ಒಳಗೆ ಬಂದವು.

ಊಹೆ ಎಂಬ ಮೂಲ ಅರ್ಥವನ್ನೇ ಹಿಡಿದರೆ ಕನ್ನಡದಲ್ಲಿ ಅದಕ್ಕೆ ತಕ್ಕ ಉದಾಹರಣೆ ರಾಕೆಟ್ಟಿನ ಕಥೆಯಲ್ಲ, ಕಾರಂತರ ‘ಮೂಕಜ್ಜಿಯ ಕನಸುಗಳು’ (1968). ವಸ್ತುವನ್ನು ಮುಟ್ಟಿದರೆ ಅದರ ಗತಕಾಲ ಕಾಣುವ ಅಜ್ಜಿ ಕಾರಂತರ ನಂಬಿಕೆಯಲ್ಲ, ಉಪಾಯ. ದೇವರುಗಳು ಹುಟ್ಟಿದ ಬಗೆಯನ್ನು ಶೋಧಿಸಲು ಇಟ್ಟುಕೊಂಡ ಊಹೆ. ತೇಜಸ್ವಿಯವರ ‘ಕರ್ವಾಲೊ’ (1980) ಇದಕ್ಕೆ ತಿರುವುಮುರುವು. ಹಾರುವ ಓತಿ ಪಶ್ಚಿಮಘಟ್ಟದಲ್ಲಿ ನಿಜವಾಗಿಯೂ ಇದೆ, ಓದುವಾಗ ಮಾತ್ರ ಪುರಾಣದ ಪ್ರಾಣಿಯನ್ನು ಅರಸಿ ಹೊರಟಂತೆ ಅನ್ನಿಸುತ್ತದೆ. ಅದ್ಭುತ ಇದೆಯೋ ಇಲ್ಲವೋ ಎಂಬುದು ಹಾಗಾದರೆ ಅಳತೆಗೋಲಲ್ಲ. ಕೃತಿ ಊಹಿಸುತ್ತಿದೆಯೇ ಎಂಬುದು ಅಳತೆಗೋಲು.

‘ಕಾಂತಾರ’ ಊಹಿಸುವುದಿಲ್ಲ. (ಕಡೆಯ ಹೊಡೆದಾಟ ಅತಿಯಾಯಿತು, ಅದು ಬೇರೆ ಮಾತು.) ಅರಸ ಊರವರಿಗೆ ಬಿಟ್ಟುಕೊಟ್ಟ ಭೂಮಿಗೆ ದೈವದ ನುಡಿಯೇ ಸಾಕ್ಷಿ. ಅದನ್ನು ಮರಳಿ ಕೇಳುವ ಅವನ ವಂಶದವನು, ಆಡುತ್ತಿರುವುದು ದೈವವೋ ಕೋಲ ಕಟ್ಟಿದವನೋ ಎಂದು ಸಂಶಯ ಎತ್ತುತ್ತಾನೆ. ಚಿತ್ರವನ್ನು ನಾವು ಊಹೆಯ ಕಥೆ ಎಂದು ಕರೆದರೆ ಅವನ ಪಕ್ಷವನ್ನೇ ಹಿಡಿದಂತಾಯಿತು: ದೈವ ಕಲ್ಪನೆ, ನುಡಿ ಕಲ್ಪನೆ, ಊರವರ ಹಕ್ಕೂ ಕಲ್ಪನೆ.

ಕಾಸರಗೋಡಿನ ಓದುಗರಿಗೆ ಇದು ಬರಿಯ ಪರಿಭಾಷೆಯ ಜಗಳವಲ್ಲ. ಒಂದು ಮನೆಯಲ್ಲಿ ಭೂತಕೋಲ, ಪಕ್ಕದ ತರವಾಡಿನಲ್ಲಿ ತೆಯ್ಯಂ; ಅಲ್ಲಿ ವ್ಯಾಜ್ಯ ಹೇಳಿಕೊಂಡು ನುಡಿಗೆ ತಲೆಬಾಗಿದ ಹಿರಿಯರು ನಮ್ಮ ಮನೆತನಗಳಲ್ಲಿದ್ದಾರೆ. ನಂಬದ ಮೊಮ್ಮಕ್ಕಳೂ ಇದ್ದಾರೆ. ಆದರೆ ಕಥೆಯೊಳಗೆ ಪಂಜುರ್ಲಿಯ ಮಾತು ಕಾಗದಪತ್ರದ ಸ್ಥಾನದಲ್ಲಿದೆ ಎಂದು ಗುರುತಿಸಲು ನಂಬಿಕೆ ಬೇಕಿಲ್ಲ, ಎಚ್ಚರದ ಓದು ಸಾಕು. ಕೊಟ್ಟಾರತ್ತಿಲ್ ಶಂಕುಣ್ಣಿಯವರು ಇಂಥ ಕಥೆಗಳನ್ನು ಕೂಡಿಸಿ ‘ಐತಿಹ್ಯಮಾಲೆ’ ಎಂದು ಹೆಸರಿಟ್ಟರು. ಐತಿಹ್ಯ ಕನ್ನಡದ್ದೂ ಆದ ಶಬ್ದ. ಅದು ನಂಬು ಎನ್ನುವುದಿಲ್ಲ, ಸುಳ್ಳು ಎಂದೂ ಹೇಳುವುದಿಲ್ಲ. ಮೂಕಜ್ಜಿಗೆ ಇಂಗ್ಲಿಷಿನ ಚೀಟಿ ಒಪ್ಪುತ್ತದೆ. ‘ಕಾಂತಾರ’ಕ್ಕೆ ಈ ಹಳೆಯ ಶಬ್ದವೇ ಇರಲಿ.