ಭರಣಿಗೆ ಬರಬೇಕಾದ್ದು ಯುಗಾದಿಗೂ ಮೊದಲೇ

ಬೆಂಗಳೂರಿನ ಚಿಟ್ಟೆಪ್ರಿಯರಿಗೆ ಮಾರ್ಚ್ ಸಪ್ಪೆ ತಿಂಗಳು. ತುರಹಳ್ಳಿಯ ಬಂಡೆ ಹತ್ತಿ ಕೂತರೂ ಕಣ್ಣಿಗೆ ಬೀಳುವುದು ಅವೇ ಪುಟ್ಟ ಹಳದಿ ಚಿಟ್ಟೆಗಳು; ಮನೆಗೆ ಬಂದರೆ ಕರಿಬೇವಿನ ಗಿಡದಲ್ಲಿ ಮೊಟ್ಟೆಯಿಡಲು ಸುಳಿದಾಡುವ ನಿಂಬೆ ಚಿಟ್ಟೆ. ಈ ವಾರ ಮಾತ್ರ, ಯುಗಾದಿಗೂ ಮೊದಲೇ, ನೀರು ಹಿಂದೆ ಸರಿದ ಕೆರೆಯಂಗಳವೊಂದರಲ್ಲಿ ಡಾರ್ಕ್ ಬ್ಲೂ ಟೈಗರ್ ಸಿಕ್ಕಿತು. ಅಪರೂಪದ ಚಿಟ್ಟೆಯೇನಲ್ಲ. ಮೇ ತಿಂಗಳಲ್ಲಾದರೆ ಸಿಗ್ನಲ್‌ನಲ್ಲಿ ನಿಂತ ಬೈಕ್ ಸವಾರನ ಹೆಲ್ಮೆಟ್ ಸವರಿಕೊಂಡೇ ಹಾರುತ್ತದೆ. ಆದರೆ ಭರಣಿ, ಕೃತ್ತಿಕೆ ಮಳೆಗಳ ಹೊತ್ತಿಗೆ ಬರಬೇಕಾದ್ದು ರೇವತಿಗೂ ಮೊದಲೇ ಕಂಡರೆ ನಿಂತು ನೋಡಲೇಬೇಕು.

ಮುಂಗಾರಿಗೆ ಮುನ್ನ ಪಶ್ಚಿಮ ಘಟ್ಟದಿಂದ ಪೂರ್ವದ ಬಯಲಿಗೆ ಲಕ್ಷಗಟ್ಟಲೆ ಚಿಟ್ಟೆಗಳು ಹೊರಡುತ್ತವೆ. ಘಟ್ಟದ ಜಡಿಮಳೆ ಅವಕ್ಕೆ ಆಗದು. ಅದೇ ಹೊತ್ತಿಗೆ ಬಯಲಲ್ಲಿ ಬಳ್ಳಿಗಳು ಚಿಗುರಿ ಮರಿಹುಳುಗಳಿಗೆ ಎಳೆಯ ಎಲೆ ಸಿಗುತ್ತದೆ. ಅಕ್ಟೋಬರ್, ನವೆಂಬರ್ ಬಂತೆಂದರೆ ಪಯಣ ತಿರುಗಿ ಘಟ್ಟದ ಕಡೆಗೆ. ಈ ದಂಡಿನಲ್ಲಿ ಮುಖ್ಯವಾಗಿ ನಾಲ್ಕು ಜಾತಿ: ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ, ಡಬಲ್ ಬ್ರಾಂಡೆಡ್ ಕ್ರೋ. ಚಿಟ್ಟೆ ಸಂಶೋಧಕ ಕೃಷ್ಣಮೇಘ ಕುಂಟೆಯವರು 2005ರಲ್ಲಿ ಈ ವಲಸೆಯ ಬಗ್ಗೆ ಪ್ರಕಟಿಸಿದ ಪ್ರಬಂಧವನ್ನು ಆಸಕ್ತರು ಹುಡುಕಿ ಓದಬೇಕು. ಎರಡು ಟೈಗರ್‌ಗಳಲ್ಲಿ ಯಾವುದು ಯಾವುದೆಂದು ಹೊಸಬರು ತಡಕಾಡುತ್ತಾರೆ. ಡಾರ್ಕ್‌ನ ಮೈಬಣ್ಣ ಹೆಚ್ಚು ಕಪ್ಪು, ನೀಲಿ ಗೆರೆಗಳು ಸಣ್ಣ. ಅಕ್ಕಪಕ್ಕ ಕೂತಾಗ ಗೊಂದಲವೇ ಉಳಿಯದು.

ನಾನು ಕಂಡದ್ದು ಗಂಡು. ಹಿಂದಿನ ರೆಕ್ಕೆಯಡಿ ಜೇಬಿನಂಥ ಸಣ್ಣ ಉಬ್ಬು ಇತ್ತು, ಅದು ಗಂಡಿನ ಗುರುತು. ಕೂತಿದ್ದೂ ಹೂವಿನ ಮೇಲಲ್ಲ, ಬಿಸಿಲಿಗೆ ಒಣಗಿ ಬಾಗಿದ್ದ ಚೇಳುಕೊಂಡಿ ಗಿಡದ ಕಡ್ಡಿಯ ಮೇಲೆ. ಸೊಂಡಿಲನ್ನು ಬಿಚ್ಚಿ ಕಡ್ಡಿಗೆ ಒತ್ತಿ, ತನ್ನದೇ ಹನಿಯಿಂದ ಅದನ್ನು ತೇವ ಮಾಡಿ, ಮತ್ತೆ ಹೀರುತ್ತಿತ್ತು. ಒಂದಿಂಚು ಸರಿದು ಮತ್ತದೇ ಕೆಲಸ. ನನ್ನ ನೆರಳು ಬಿದ್ದರೂ ಕದಲಲಿಲ್ಲ. ಒಣ ಗಿಡದಲ್ಲಿ ಅಂಥದ್ದೇನಿದೆ ಎಂದರೆ, ಕಹಿ ಸಸ್ಯಕ್ಷಾರಗಳು (ಆಲ್ಕಲಾಯ್ಡ್). ಹೆಣ್ಣನ್ನು ಒಲಿಸಿಕೊಳ್ಳುವ ಗಂಧವನ್ನು ಗಂಡು ಇವುಗಳಿಂದಲೇ ತಯಾರಿಸಿಕೊಳ್ಳುತ್ತದೆ. ಗಿಜಿಗಿಜಿ ಕಾಯಿಯ ಗಿಡಕ್ಕೆ ಈ ಜಾತಿ ಮುತ್ತುವುದೂ ಇದಕ್ಕೇ. ಮಕರಂದ ಹೀರುವ ಚಿಟ್ಟೆಯ ಫೋಟೊ ಎಲ್ಲರ ಫೋನಿನಲ್ಲೂ ಇದೆ. ನನಗಂತೂ ಈ ಒಣಕಡ್ಡಿಯ ವ್ಯವಹಾರವೇ ಹೆಚ್ಚು ಸೊಗಸು.

ಹಾಗಾದರೆ ವಲಸೆ ಬೇಗ ಶುರುವಾಯಿತೇ? ಇಲ್ಲ ಎಂದೇ ನನ್ನ ಎಣಿಕೆ. ಇದರ ರೆಕ್ಕೆಯಂಚು ಹರಿದಿತ್ತು, ಹುಡಿ ಉದುರಿ ನೀಲಿ ಮಾಸಿತ್ತು. ಮೊನ್ನೆ ಮೊನ್ನೆ ಗೂಡು ಬಿಟ್ಟು ಬಂದ ಚಿಟ್ಟೆಯ ರೆಕ್ಕೆ ಹಾಗಿರುವುದಿಲ್ಲ. ಹಿಂದಿನ ಹಂಗಾಮಿನಲ್ಲಿ ದಂಡು ಘಟ್ಟಕ್ಕೆ ಮರಳುವಾಗ ಇಲ್ಲೇ ತೋಪಿನ ನೆರಳಲ್ಲಿ ಉಳಿದುಕೊಂಡದ್ದಿರಬೇಕು. ಮೇಲಾಗಿ ವಲಸೆಯ ಚಿಟ್ಟೆ ಗುರಿಯಿಟ್ಟು ಒಂದೇ ದಿಕ್ಕಿಗೆ ಹಾರುತ್ತದೆ. ಕಟ್ಟಡ ಅಡ್ಡ ಬಂದರೆ ಬಳಸಿ ಹೋಗುವುದಕ್ಕಿಂತ ಮೇಲೇರಿ ದಾಟುವುದೇ ಹೆಚ್ಚು. ಇದೋ, ಎದ್ದರೂ ಅದೇ ಗಿಡದ ಸುತ್ತ ಸುತ್ತಿ ಅಲ್ಲೇ ಕೂರುತ್ತಿತ್ತು. ಒಂದು ಚಿಟ್ಟೆ ಕಂಡದ್ದೇ ತಡ, ಹವಾಮಾನವೇ ಕೆಟ್ಟಿತೆಂದು ಸ್ಟೇಟಸ್ ಹಾಕುವವರ ಅವಸರ ನನಗೆ ಹಿಡಿಸದು. ಹವಾಮಾನ ಬದಲಾಗಿದೆ, ಅದು ಬೇರೆ ಮಾತು. ಅದನ್ನು ಹೇಳಲು ವರ್ಷಗಟ್ಟಲೆಯ ದಾಖಲೆ ಬೇಕು, ಹರಿದ ರೆಕ್ಕೆಯ ಒಂಟಿ ಗಂಡು ಸಾಲದು.

ಆ ದಾಖಲೆ ಓದುಗರಿಂದಲೇ ಆಗಬೇಕು. ಟೈಗರ್ ಅಥವಾ ಕ್ರೋ ಕಂಡರೆ ತಾರೀಖು, ಗಂಟೆ, ಜಾಗ ಬರೆದಿಡಿ. ಹಾರಿದ ದಿಕ್ಕು ಬರೆಯುವುದನ್ನು ಮರೆಯಬೇಡಿ, ಹೆಚ್ಚಿನವರು ಬಿಡುವುದು ಅದನ್ನೇ. ರೆಕ್ಕೆ ಹೊಸದೋ ಹರಿದಿದೆಯೋ ಫೋಟೊದಲ್ಲಿ ಗೊತ್ತಾಗುವಂತಿರಲಿ. ‘ಬಟರ್‌ಫ್ಲೈಸ್ ಆಫ್ ಇಂಡಿಯಾ’ ಜಾಲತಾಣಕ್ಕೆ ಅದನ್ನು ಕಳಿಸಬಹುದು. ಇನ್ನೊಂದು ವಿನಂತಿ: ಬಡಾವಣೆಯ ಖಾಲಿ ಸೈಟಿನಲ್ಲಿ ಒಣಗಿ ನಿಂತ ಚೇಳುಕೊಂಡಿ ಗಿಡವನ್ನು ಕಸವೆಂದು ಕಿತ್ತು ಸುಡಬೇಡಿ, ಮುಂಗಾರು ಹಿಡಿಯುವವರೆಗಾದರೂ ಇರಲಿ.