ವಾಡೆಯ ಬೆಲೆ ಇರುವುದು ಮಾಳಿಗೆಯಲ್ಲಿ

ಹುಬ್ಬಳ್ಳಿ–ಗದಗ ರಸ್ತೆಯ ಶಿರಗುಪ್ಪಿಯಿಂದ ನವಲಗುಂದ, ನರಗುಂದದತ್ತ ಹಬ್ಬಿದ ಎರೆನಾಡಿನಲ್ಲಿ ಜಮೀನ್ದಾರ ದೇಸಾಯರ ವಾಡೆ ಅಂದೊಡನೆ ಹೆಬ್ಬಾಗಿಲಿನ ಮಾತು ಬರುತ್ತದೆ. ಅದರ ಎತ್ತರ, ದಿಡ್ಡಿ, ಕಬ್ಬಿಣದ ಮೊಳೆ, ಕೆತ್ತನೆ. ವಾಡೆಗಳ ಕುರಿತ ಬರಹಗಳೂ ಬಹುಮಟ್ಟಿಗೆ ಅಲ್ಲೇ ನಿಂತು, ಅಲ್ಲಿಂದ ವಂಶಾವಳಿಗೆ ಹೊರಳುತ್ತವೆ. ಈ ಪರಂಪರೆಯ ನಿಜವಾದ ಸಾಧನೆ ಮಾಳಿಗೆಯಲ್ಲಿ, ಅಂದರೆ ಮಣ್ಣು ಹೊದಿಸಿದ ಚಾವಣಿಯಲ್ಲಿ, ಇದೆ ಎಂಬುದು ನನ್ನ ವಾದ.

ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಂಥ ನೆಲದಲ್ಲಿ ಗೋಡೆಯನ್ನಷ್ಟೇ ನೆಚ್ಚಿಕೊಂಡ ಮನೆ ಬಾಳುವುದು ಕಷ್ಟ. ಇಲ್ಲಿಯ ಬಡಿಗರು ಭಾರದ ಬಹುಪಾಲನ್ನು ಸಾಗವಾನಿ ಕಂಬಗಳಿಗೆ ಹೊರಿಸಿದರು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಎಲ್ಲದರ ಮೇಲೆ ದಪ್ಪನೆಯ ಮಣ್ಣಿನ ಹೊದಿಕೆ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಗೋಡೆ ಸೀಳಿದರೂ ಅಂಕಣ ನಿಲ್ಲುತ್ತದೆ. ಮೇಲೆ ಹಾಸಿದ ಸವಳು ಮಣ್ಣು ನೀರನ್ನು ತಡೆಯುತ್ತದೆ, ಏಪ್ರಿಲ್ ಬಿಸಿಲನ್ನು ಒಳಗೆ ಬಿಡುವುದಿಲ್ಲ. ಆದರೆ ಮಳೆಗಾಲಕ್ಕೆ ಮುಂಚೆ ಅದನ್ನು ಮತ್ತೆ ಹಾಕಿ ಬಡಿಯಲೇಬೇಕು.

ಇದೇ ಕ್ರಮ ಒಕ್ಕಲಿಗನ ಮೂರು ಅಂಕಣದ ಮನೆಯಲ್ಲೂ ಇದೆ. ದೇಸಾಯಿ ಕಟ್ಟಿಸಿದ್ದು ಅದೇ ಮನೆಯನ್ನು, ಅಂಕಣಗಳನ್ನು ಹೆಚ್ಚಿಸಿ. ಇಂಗ್ಲೆಂಡಿನ ಜಮೀನ್ದಾರಿ ಮಹಲುಗಳ ಚರಿತ್ರೆ ಬೇರೆ. ನಾರ್ಫೋಕ್‌ನಲ್ಲಿ 1734ರಲ್ಲಿ ಆರಂಭವಾದ ಹೋಲ್ಕಮ್ ಹಾಲ್ ತನ್ನ ರೂಪವನ್ನು ಪಡೆದದ್ದು ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೋನಿಂದ. ಸುತ್ತಲಿನ ಗೇಣಿದಾರರ ಗುಡಿಸಲಿಗೂ ಅದಕ್ಕೂ ನಂಟಿಲ್ಲ. ನಮ್ಮ ವಾಡೆಯದು ಊರಿನದೇ ವಿದ್ಯೆ. ಹಾಗೆಂದು ಅದನ್ನು ಹಾಡಿ ಹೊಗಳಲು ಮನಸ್ಸಾಗದು. ಅದರ ಹಗೇವು, ಅಂದರೆ ನೆಲದೊಳಗಿನ ಕಣಜ, ತುಂಬಿದ್ದು ಗೇಣಿಯ ಜೋಳದಿಂದ. ಬೆಳಕಿಂಡಿಯೊಂದನ್ನೇ ನಂಬಿದ ಒಳಕೋಣೆಗಳ ಕತ್ತಲಲ್ಲಿ ಹೆಂಗಸರು ಬದುಕು ಸವೆಸಿದರು.

1948ರ ಮುಂಬಯಿ ಗೇಣಿ ಕಾಯ್ದೆ, ಬಳಿಕ ವತನಗಳ ರದ್ದತಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿ: ಉಳುವವನಿಗೆ ಭೂಮಿ ಸಿಕ್ಕಿತು. ಅದು ನ್ಯಾಯ. ಅದೇ 1974ರ ಅಕ್ಟೋಬರಿನಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ನೆಲಸಮವಾದ ಮಹಲುಗಳ ಕುರಿತು ದೊಡ್ಡ ಪ್ರದರ್ಶನ ನಡೆಸಿತು. ಅಲ್ಲಿ ಹಿರಿಯ ಮಗನಿಗೇ ಆಸ್ತಿ ಹೋಗುವ ರೂಢಿಯಿಂದ ಮಹಲು ಪಾಲಾಗದೆ ಇಡಿಯಾಗಿ ಉಳಿಯುತ್ತಿತ್ತು. 1930ರ ದಶಕದ ಕೊನೆಯಿಂದ ನ್ಯಾಷನಲ್ ಟ್ರಸ್ಟ್ ಅಂಥ ಮಹಲುಗಳನ್ನು ಇಡಿಯಾಗಿಯೇ ವಹಿಸಿಕೊಳ್ಳತೊಡಗಿತು. ನಮ್ಮಲ್ಲಿ ಅಣ್ಣತಮ್ಮಂದಿರ ಪಾಲು ಅಂಕಣದ ಲೆಕ್ಕದಲ್ಲಾಯಿತು. ಪಡಸಾಲೆಯ ನಡುವೆ ಗೋಡೆ ಎದ್ದಿತು. ಮಣ್ಣಿನ ಮಾಳಿಗೆಗೆ ಪಾಲು ಗೊತ್ತಿಲ್ಲ. ಒಬ್ಬ ಮಣ್ಣು ಹಾಕಿಸಿ, ಪಕ್ಕದವನು ಬಿಟ್ಟರೆ ನೀರು ಇಬ್ಬರ ತೊಲೆಗೂ ಇಳಿಯುತ್ತದೆ. ಹೊಲ ಕಳೆದುಕೊಂಡದ್ದಕ್ಕಿಂತ ಈ ಸೋರಿಕೆ ವಾಡೆಗಳಿಗೆ ಮಾಡಿದ ಹಾನಿ ದೊಡ್ಡದು ಎಂದೇ ನಾನು ತಿಳಿದಿದ್ದೇನೆ.

ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ವಿದ್ಯೆಗೆ ಬಿಟ್ಟು 1906ರಲ್ಲಿ ತೀರಿಕೊಂಡರು. ಬೆಳಗಾವಿಯ ಲಿಂಗರಾಜ ಕಾಲೇಜು ಆ ತ್ಯಾಗವನ್ನು ಇಂದಿಗೂ ಹೇಳುತ್ತದೆ. ಕಿತ್ತೂರಿನ ಅರಮನೆಯ ಪಾಳುಗೋಡೆಗಳಿಗೆ ಕಾವಲು ಸಿಕ್ಕಿದ್ದು ಚೆನ್ನಮ್ಮ ರಾಣಿಯಿಂದ, 1824ರ ಯುದ್ಧದಿಂದ. ದಾನ ಮಾಡದ, ಯುದ್ಧ ಕಾಣದ ವಾಡೆಗಳನ್ನು ಕೇಳುವವರು ಕಡಿಮೆ. ಗುಡಿ, ಕೋಟೆಗಳನ್ನು ಗುರುತಿಸಲು ಕಲಿತ ನಮ್ಮ ಕಣ್ಣಿಗೆ ತೊಲೆ, ಜಂತಿ ಕಾಣುವುದಿಲ್ಲ. ಹುಬ್ಬಳ್ಳಿಯಲ್ಲೇ ವಾಸ್ತುಶಿಲ್ಪ ಕಲಿಯುವ ಹುಡುಗ ಹುಡುಗಿಯರಿದ್ದಾರೆ. ಅವರು ಹೆಬ್ಬಾಗಿಲ ಫೋಟೋ ಸಾಕುಮಾಡಿ ಏಣಿ ಹತ್ತಲಿ. ಅಂಕಣಗಳನ್ನು ಅಳೆದು ನಕ್ಷೆ ಬರೆಯಲಿ. ಯಾವ ಹಳ್ಳದ ದಂಡೆಯ ಸವಳು ಒಳ್ಳೆಯದು, ಎಷ್ಟು ಹದಕ್ಕೆ ನಾದಬೇಕು, ಎಷ್ಟು ಇಳಿಜಾರು ಕೊಡಬೇಕು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಲಿ. ಪಾಲುದಾರರೆಲ್ಲ ಸೇರಿ ಮಾಳಿಗೆಗೆ ಮಣ್ಣು ಹಾಕಿಸಲು ಒಪ್ಪುವ ವಾಡೆಗೆ ಸರ್ಕಾರ ಆ ಖರ್ಚು ಕೊಡಲಿ, ಬಣ್ಣ ಬಳಿಯಲು ಬೇಡ.